ಚೆನ್ನಮ್ಮನಿಗೆ ಆಗ ವಯಸ್ಸೆಷ್ಟು?

ಗುಂಪು: ಮನೆ ಮಂದಿ

ನಾನು: (ಪತ್ರಿಕೆಯ ತುಣುಕಿನ ಚಿತ್ರ) ಬಿಡುವಾದಾಗ ಎಲ್ಲರೂ ಓದಿ. 47 ವರ್ಷದ ರಂಗನಟಿಯೊಬ್ಬರ ಸಂದರ್ಶನ. ಕನಸಿನ ಪಾತ್ರ ಯಾವುದು ಎಂದು ಕೇಳಿದ್ದಕ್ಕೆ ಕಿತ್ತೂರು ಚೆನ್ನಮ್ಮ ಎಂದಿದ್ದಾರೆ. ಅದರಲ್ಲೂ ಕಡೆಯ ನಾಲ್ಕೂವರೆ ವರ್ಷದ ಚೆನ್ನಮ್ಮ ಬೇಕಂತೆ.

ಬೆಂಗಳೂರು ಅಣ್ಣ: ನಲವತ್ತೇಳಕ್ಕೆ ಚೆನ್ನಮ್ಮನೇ? ಚೆನ್ನಮ್ಮನ ಅತ್ತೆಯ ಪಾತ್ರ ಕೇಳಿದ್ದರೆ ಇಷ್ಟೊತ್ತಿಗೆ ಸಿಕ್ಕಿರುತ್ತಿತ್ತು.

ಧಾರವಾಡ ಕಾಕಾ: ಆ ಪಾತ್ರದ ಬಾಗಿಲು 1961ರ ಸಿನಿಮಾದಲ್ಲೇ ಮುಚ್ಚಿದೆ. ಪಂತುಲು ಅವರ ನಿರ್ದೇಶನ, ಸರೋಜಾದೇವಿ ಅವರ ಚೆನ್ನಮ್ಮ, ಆಕೆಯ ಗಂಡ ಮಲ್ಲಸರ್ಜನಾಗಿ ರಾಜಕುಮಾರ್. ಕನಸು ಕಾಣಲು ಬೇರೆ ಪಾತ್ರಗಳಿಲ್ಲವೇ?

ಹುಬ್ಬಳ್ಳಿ ಅತ್ತೆ: ಶುಭೋದಯ. ಭಾನುವಾರದ ಸೀಮಂತಕ್ಕೆ ಹೋಳಿಗೆ ಎಷ್ಟು ಹೇಳಲಿ? ಒಬ್ಬರೂ ಉತ್ತರ ಕೊಡುತ್ತಿಲ್ಲ.

ಬೆಂಗಳೂರು ಅಣ್ಣ: ಕಾಕಾ ಹೇಳಿದ್ದು ಸರಿ. ರಾಣಿ ಎಂದರೆ ಕುದುರೆ ಏರಬೇಕು, ಕತ್ತಿ ಬೀಸಬೇಕು. ವಯಸ್ಸು ಅಡ್ಡ ಬರುತ್ತದೆ. ನಾನು ಯಾರನ್ನೂ ಹೀಯಾಳಿಸುತ್ತಿಲ್ಲ, ವ್ಯವಹಾರದ ಮಾತು ಆಡುತ್ತಿದ್ದೇನೆ.

ನಾನು: ಒಂದು ಪ್ರಶ್ನೆ. ಕಂಪನಿಯ ಧಾರವಾಡ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತು ಬಿದ್ದ ದಿನ ಚೆನ್ನಮ್ಮನಿಗೆ ವಯಸ್ಸೆಷ್ಟು?

ಬೆಂಗಳೂರು ಅಣ್ಣ: ಮೂವತ್ತು ಇರಬಹುದು.

ನಾನು: ಕಾಕಾ, ನೀವು ಹೇಳಿ. ನಿಮಗೆ ಗೊತ್ತಿದೆ.

ಪುಣೆ ವೈನಿ: ಕಾಕಾ ಟೈಪ್ ಮಾಡುತ್ತಿದ್ದಾರೆ, ನಿಲ್ಲಿಸುತ್ತಿದ್ದಾರೆ, ಮತ್ತೆ ಟೈಪ್ ಮಾಡುತ್ತಿದ್ದಾರೆ.

ಧಾರವಾಡ ಕಾಕಾ: ಹುಟ್ಟಿದ್ದು 1778, ಕಾಕತಿಯಲ್ಲಿ. ಯುದ್ಧ ನಡೆದದ್ದು 1824ರ ಅಕ್ಟೋಬರ್ 23. ಲೆಕ್ಕ ನೀವೇ ಮಾಡಿಕೊಳ್ಳಿ.

ಪುಣೆ ವೈನಿ: ನಲವತ್ತಾರು! ನನಗಿಂತ ಎರಡು ವರ್ಷ ದೊಡ್ಡವಳು. ನಾನು ಇಷ್ಟು ದಿನ ಹುಡುಗಿ ಎಂದೇ ಅಂದುಕೊಂಡಿದ್ದೆ.

ನಾನು: ಸರೋಜಾದೇವಿ ಹುಟ್ಟಿದ್ದು 1938ರಲ್ಲಿ. ಆ ಚಿತ್ರ ಬಂದಾಗ ಅವರಿಗೆ ಇಪ್ಪತ್ತಮೂರು, ಅಂದರೆ ನಿಜವಾದ ರಾಣಿಯ ಅರ್ಧ ವಯಸ್ಸು. ಅವರ ಅಭಿನಯದ ಬಗ್ಗೆ ನನ್ನ ತಕರಾರಿಲ್ಲ. ಇಪ್ಪತ್ತಮೂರರವರು ನಲವತ್ತಾರನ್ನು ಮಾಡಿದರೆ ಕಲೆ, ನಲವತ್ತೇಳರವರು ನಲವತ್ತಾರನ್ನು ಮಾಡುತ್ತೇನೆಂದರೆ ದುರಾಸೆ! ಇದು ಯಾವ ನ್ಯಾಯ?

ಧಾರವಾಡ ಕಾಕಾ: ತಂಗಿ, ಚಿತ್ರದಲ್ಲಿ ಯೌವನವೂ ಬರುತ್ತದೆ. ಹುಲಿ ಬೇಟೆಯಲ್ಲಿ ಮಲ್ಲಸರ್ಜ ದೊರೆಯ ಭೇಟಿಯಾದ ಕಥೆಯನ್ನು ನಮ್ಮ ಕಡೆ ಮಕ್ಕಳೂ ಹೇಳುತ್ತಾರೆ. ಅದನ್ನು ಯಾರು ಮಾಡಬೇಕು?

ನಾನು: ಅದನ್ನು ಅವರು ಕೇಳಿಯೇ ಇಲ್ಲ ಕಾಕಾ. ಸಂದರ್ಶನದ ಕೆಳಗಿನ ಭಾಗ ಓದಿ. ಅವರಿಗೆ ಬೇಕಾದದ್ದು 1824ರ ಸೆಪ್ಟೆಂಬರ್‌ನಲ್ಲಿ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಲ್ಲಿಂದ 1829ರ ಫೆಬ್ರವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲಿ ತಾನೂ ತೀರಿಕೊಳ್ಳುವವರೆಗಿನ ಚೆನ್ನಮ್ಮ. ಗಂಡ ಹೋಗಿ ಎಂಟು ವರ್ಷ ಆಗಿದೆ. ಹೆತ್ತ ಮಗ ಮೊದಲೇ ಇಲ್ಲ. ಈಗ ಸವತಿ ರುದ್ರಮ್ಮನ ಮಗ ಶಿವಲಿಂಗರುದ್ರನೂ ಹೋದ. ದತ್ತು ಬಂದ ಹುಡುಗನನ್ನು ಗದ್ದುಗೆಗೆ ಕೂರಿಸಬೇಕು, ಧಾರವಾಡದ ಕಲೆಕ್ಟರು ಒಪ್ಪುವುದಿಲ್ಲ. ಇದರಲ್ಲಿ ಹುಲಿ ಎಲ್ಲಿ ಬರುತ್ತದೆ?

ಬೆಂಗಳೂರು ಅಣ್ಣ: ಅದೇ ಡಾಲ್‌ಹೌಸಿಯ ದತ್ತು ಕಾನೂನು. ಶಾಲೆಯಲ್ಲಿ ಓದಿದ್ದೇವೆ.

ಧಾರವಾಡ ಕಾಕಾ: ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಆಗ ಚೆನ್ನಮ್ಮ ತೀರಿಕೊಂಡು 19 ವರ್ಷವಾಗಿತ್ತು. ಗೊತ್ತಿಲ್ಲದಿದ್ದರೆ ಸುಮ್ಮನೆ ಓದು.

ಬೆಂಗಳೂರು ಅಣ್ಣ: ಸರಿ ಕಾಕಾ.

ಬೈಲಹೊಂಗಲ ಮಾಮಾ: ಈಗಷ್ಟೇ ನೋಡಿದೆ. ನಮ್ಮ ಊರಿನ ಹೆಸರು ಬಂತು ಎಂದು ಬರೆಯುತ್ತಿದ್ದೇನೆ. ಇಲ್ಲಿ ಸಮಾಧಿ ಇದೆ. ಬರುವವರೆಲ್ಲ ಕಿತ್ತೂರಿನ ಕೋಟೆ ನೋಡುತ್ತಾರೆ, ಹುಬ್ಬಳ್ಳಿಯ ವೃತ್ತದಲ್ಲಿ ಕುದುರೆಯ ಮೇಲಿನ ಪ್ರತಿಮೆ ನೋಡುತ್ತಾರೆ, ನಮ್ಮಲ್ಲಿಗೆ ಕಡಿಮೆ. ಗೆದ್ದ ಜಾಗಕ್ಕೆ ಜನ ಹೆಚ್ಚು. ಆ ನಟಿ ಸೋತ ಜಾಗವನ್ನು ಆರಿಸಿಕೊಂಡಿದ್ದಾರೆ ಎಂದರೆ ಅವರ ಬಗ್ಗೆ ನನಗೆ ಗೌರವ ಬಂತು.

ಧಾರವಾಡ ಕಾಕಾ: ಬೀಗರೇ, ಸೆರೆಯ ಬಗ್ಗೆ ದಾಖಲೆ ಎಷ್ಟಿದೆ? ಪೂಜೆ, ಪಾರಾಯಣ ಮಾಡುತ್ತಿದ್ದರು, ರಾಯಣ್ಣ ವೇಷ ಮರೆಸಿಕೊಂಡು ಬಂದು ಕಂಡ ಎಂದು ಜನ ಹೇಳುತ್ತಾರೆ. ಅಷ್ಟನ್ನೇ ಹಿಡಿದು ಎರಡು ಗಂಟೆ ಎಳೆದರೆ ಉಳಿದದ್ದನ್ನು ಕಟ್ಟಬೇಕಾಗುತ್ತದೆ. ನಾಳೆ ಮಕ್ಕಳು ಅದನ್ನೇ ಇತಿಹಾಸ ಎಂದು ನಂಬುತ್ತಾರೆ. ನನ್ನ ಭಯ ವಯಸ್ಸಿನದಲ್ಲ, ಇದು.

ನಾನು: ಈಗ ನಂಬಿರುವುದೇನು ಕಾಕಾ? ಛದ್ಮವೇಷಕ್ಕೆ ನಿಂತ ಪ್ರತಿ ಹುಡುಗಿಯೂ ರಟ್ಟಿನ ಕತ್ತಿ ಎತ್ತಿ ಕಪ್ಪದ ಮಾತು ಹೇಳುತ್ತಾಳೆ. ನಿಜಕ್ಕೂ ಜಗಳ ಕಪ್ಪದ್ದಾಗಿತ್ತೇ? ಪೇಶ್ವೆಯರು ಸೋತ 1818ರ ನಂತರ ಕಿತ್ತೂರು ಕಂಪನಿಗೆ ಕಪ್ಪ ಕೊಡುತ್ತಲೇ ಇತ್ತು. 1824ರಲ್ಲಿ ಹೊತ್ತಿಕೊಂಡದ್ದು ದತ್ತಕದ ಹಕ್ಕಿಗೆ, ಖಜಾನೆಗೆ ಥ್ಯಾಕರೆ ಹಾಕಿಸಿದ ಮೊಹರಿಗೆ.

ಹುಬ್ಬಳ್ಳಿ ಅತ್ತೆ: ಆ ಮಾತಿಲ್ಲದಿದ್ದರೆ ನನ್ನ ಮೊಮ್ಮಗಳಿಗೆ ಬಹುಮಾನ ಬರುತ್ತಿರಲಿಲ್ಲ. ಅದಕ್ಕೆ ಕೈ ಹಚ್ಚಬೇಡ.

ಧಾರವಾಡ ಕಾಕಾ: ಪಂತುಲು ಅವರು 1959ರಲ್ಲಿ ತಮಿಳಿನಲ್ಲಿ ಕಟ್ಟಬೊಮ್ಮನ ಚಿತ್ರ ಮಾಡಿದ್ದರು. ಅಲ್ಲಿಯೂ ತೆರಿಗೆಯ ಸಂಭಾಷಣೆಯೇ ಜನರ ಬಾಯಲ್ಲಿ ಉಳಿಯಿತು. ಎರಡು ವರ್ಷದ ನಂತರ ಬಂದದ್ದು ಇದು. ನಾಟಕೀಯತೆ ಬೇಕಾಗುತ್ತದೆ ತಂಗಿ. ದತ್ತಕದ ಅರ್ಜಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ?

ನಾನು: ನಾನು ತಟ್ಟುತ್ತೇನೆ. ಮುಂಬೈಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಚೆನ್ನಮ್ಮ ಬರೆಯಿಸಿದ ಪತ್ರ ನಿಮಗೇ ಗೊತ್ತಿದೆ. ಕತ್ತಿಗೆ ಮೊದಲು ಕಾಗದ. ಉತ್ತರಕ್ಕೆ ಕಾಯುವ ರಾಣಿಯನ್ನು ಯಾವ ಚಿತ್ರದಲ್ಲಿ ಮನಸ್ಸಿಟ್ಟು ತೋರಿಸಿದ್ದಾರೆ? ಥ್ಯಾಕರೆಯನ್ನು ಹೊಡೆದದ್ದು ಚೆನ್ನಮ್ಮನ ಬಂಟ ಅಮಟೂರು ಬಾಳಪ್ಪನ ಗುಂಡು ಎಂದು ನೀವೇ ನಮಗೆ ಕಲಿಸಿದವರು. ಹಾಗಿದ್ದರೆ ಚೆನ್ನಮ್ಮನ ಕೆಲಸ ಯಾವುದು? ನಿರ್ಧರಿಸುವುದು. ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ಕೊಲ್ಲಬೇಕೇ, ಇಟ್ಟುಕೊಳ್ಳಬೇಕೇ, ಬಿಡಬೇಕೇ? ಆ ಮುಖಕ್ಕೆ ಅನುಭವ ಬೇಕು. ನನ್ನ ವಾದ ಇಷ್ಟೇ.

ಬೈಲಹೊಂಗಲ ಮಾಮಾ: ಬಿಟ್ಟದ್ದೇ ಮುಳುವಾಯಿತು. ಮಾತುಕತೆಯ ಭರವಸೆ ನಂಬಿ ಸ್ಟೀವನ್ಸನ್, ಎಲಿಯಟ್ ಇಬ್ಬರನ್ನೂ ಕಳಿಸಿದರು. ಕಂಪನಿಯ ಕಮಿಷನರ್ ಚಾಪ್ಲಿನ್ ದೊಡ್ಡ ಸೈನ್ಯ ತಂದ. ಡಿಸೆಂಬರ್‌ನಲ್ಲಿ ಕೋಟೆ ಹೋಯಿತು.

ಧಾರವಾಡ ಕಾಕಾ: ಆ ಎಲಿಯಟ್ ಮುಂದೆ ನಮ್ಮ ಕಡೆಯ ನೂರಾರು ಶಾಸನಗಳ ಪ್ರತಿ ಮಾಡಿಸಿ ಸಂಗ್ರಹಿಸಿದ. ಕನ್ನಡ ಶಾಸನಗಳ ಅಧ್ಯಯನ ಮಾಡುವವರಿಗೆ ಇವತ್ತಿಗೂ ಆ ಹೆಸರು ಬೇಕು. ಕಿತ್ತೂರಿನಲ್ಲಿ ಸೆರೆಯಾದಾಗ ಇಪ್ಪತ್ತೊಂದರ ಹುಡುಗ. ಚೆನ್ನಮ್ಮ ಅವನ ತಲೆ ತೆಗೆಸಿದ್ದರೆ ಆ ಸಂಗ್ರಹವೂ ಇರುತ್ತಿರಲಿಲ್ಲ.

ಪುಣೆ ವೈನಿ: ಇದನ್ನು ಯಾರೂ ಹೇಳಿಯೇ ಇರಲಿಲ್ಲ! ಕಾಕಾ, ನೀವು ಯಾರ ಪರ?

ಧಾರವಾಡ ಕಾಕಾ: ಇತಿಹಾಸದ ಪರ.

ಬೆಂಗಳೂರು ಅಣ್ಣ: ನಾನು ಮತ್ತೆ ವ್ಯವಹಾರಕ್ಕೆ ಬರುತ್ತೇನೆ. ವಯಸ್ಸಿಗೆ ತಕ್ಕ ಚೆನ್ನಮ್ಮ ಬಂದಾಗಿದೆ. 2012ರ ಸಂಗೊಳ್ಳಿ ರಾಯಣ್ಣ ಚಿತ್ರದಲ್ಲಿ ಜಯಪ್ರದಾ ಮಾಡಿದ್ದರು. ಅವರಿಗೆ ಆಗ ಐವತ್ತು. ಯಾರೂ ಬೇಡ ಎನ್ನಲಿಲ್ಲ.

ನಾನು: ಅಣ್ಣ, ಚಿತ್ರದ ಹೆಸರನ್ನು ಇನ್ನೊಮ್ಮೆ ಓದು. ಅದು ರಾಯಣ್ಣನ ಚಿತ್ರ. ನಾಯಕ ದರ್ಶನ್. ರಾಣಿಗೆ ಸರಿಯಾದ ವಯಸ್ಸು ಬರುವ ಹೊತ್ತಿಗೆ ಕಥೆಯೇ ಬೇರೆಯವರ ಪಾಲಾಗಿತ್ತು. ಅದೇ ಜಯಪ್ರದಾ 1983ರಲ್ಲಿ ‘ಕವಿರತ್ನ ಕಾಳಿದಾಸ’ದ ನಾಯಕಿ. ಆಗ ಅವರಿಗೆ ಇಪ್ಪತ್ತರ ಆಸುಪಾಸು, ನಾಯಕನಿಗೆ ಐವತ್ತು ದಾಟಿತ್ತು.

ಧಾರವಾಡ ಕಾಕಾ: ರಾಜಕುಮಾರ್ ಅವರನ್ನು ಇದರಲ್ಲಿ ಎಳೆಯಬೇಡ.

ನಾನು: ಎಳೆಯುತ್ತಿಲ್ಲ ಕಾಕಾ. ಆ ಪಾತ್ರವನ್ನು ಅವರಷ್ಟು ಚೆನ್ನಾಗಿ ಯಾರೂ ಮಾಡುತ್ತಿರಲಿಲ್ಲ. ಗಂಡಸಿಗೆ ಐವತ್ತರಲ್ಲಿ ಕಾಳಿದಾಸ ಸಿಕ್ಕಂತೆ ಹೆಂಗಸಿಗೆ ನಲವತ್ತೇಳರಲ್ಲಿ ಚೆನ್ನಮ್ಮ ಸಿಗಲಿ ಎನ್ನುತ್ತಿದ್ದೇನೆ.

ಬೆಂಗಳೂರು ಅಣ್ಣ: ಈ ಸಂದೇಶವನ್ನು ಅಳಿಸಲಾಗಿದೆ.

ಪುಣೆ ವೈನಿ: ನಾನು ಓದಿಬಿಟ್ಟೆ. ಹೇಳಲೇ?

ಬೆಂಗಳೂರು ಅಣ್ಣ: ಬೇಡ ವೈನಿ. ಆದರೂ ಕೇಳುತ್ತೇನೆ, ಕುದುರೆ ಇಲ್ಲ, ಹುಲಿ ಇಲ್ಲ, ಕಪ್ಪದ ಮಾತೂ ಇಲ್ಲ, ಕೊನೆಗೆ ಸೋಲು. ಬಂಡವಾಳ ಹಾಕುವವರು ಯಾರು?

ಬೈಲಹೊಂಗಲ ಮಾಮಾ: ಸೋಲು ಹೇಗಾಗುತ್ತದೆ? ಆಕೆ ಹೋದ ಮೇಲೆ ಅದೇ ದತ್ತುಮಗನ ಹೆಸರಿನಲ್ಲಿ ರಾಯಣ್ಣ ಮತ್ತೆ ಎದ್ದ. 1831ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸುವವರೆಗೆ ಕಂಪನಿಗೆ ನಿದ್ದೆ ಬರಲಿಲ್ಲ.

ಹುಬ್ಬಳ್ಳಿ ಅತ್ತೆ: ಸಿನಿಮಾ ಯಾಕೆ ಬೇಕು? ಆಕೆ ರಂಗನಟಿ ತಾನೇ? ನಾಟಕ ಮಾಡಲಿ. ಒಂದು ಕೋಣೆ, ಒಂದು ಕಾವಲು, ಒಬ್ಬ ಹೆಂಗಸು. ನಮ್ಮ ಕಾಲದ ಕಂಪನಿ ನಾಟಕಗಳಲ್ಲಿ ಐವತ್ತು ದಾಟಿದವರೂ ನಾಯಕಿಯಾಗಿ ಹಾಡುತ್ತಿದ್ದರು, ನಾವು ವಯಸ್ಸು ಕೇಳಿದವರಲ್ಲ. ಹೋಳಿಗೆ ಇನ್ನೂರು ಹೇಳಿದ್ದೇನೆ, ಕಡಿಮೆ ಬಿದ್ದರೆ ನನ್ನನ್ನು ಬೈಯಬೇಡಿ.

ನಾನು: ಅತ್ತೆ, ಸಂದರ್ಶನದ ಕೊನೆಯ ಸಾಲಿನಲ್ಲಿ ಅವರೂ ಇದನ್ನೇ ಹೇಳಿದ್ದಾರೆ. ಸಿನಿಮಾ ಸಿಗದಿದ್ದರೆ ಏಕವ್ಯಕ್ತಿ ಪ್ರಯೋಗ ಮಾಡುತ್ತೇನೆ ಎಂದು. ಇಲ್ಲಿ ಯಾರೂ ಅಲ್ಲಿಯವರೆಗೆ ಓದಿಲ್ಲ.

ಧಾರವಾಡ ಕಾಕಾ: ಓದಿದ್ದೇನೆ. ಧಾರವಾಡಕ್ಕೆ ಬಂದರೆ ಮೊದಲ ಸಾಲಿನಲ್ಲಿ ಕೂರುತ್ತೇನೆ. ಇಸವಿ ಒಂದು ತಪ್ಪಿದರೂ ಎದ್ದು ನಿಂತು ಹೇಳುತ್ತೇನೆ. ಎಲಿಯಟ್‌ನ ಪ್ರಸಂಗ ಬಿಡಬಾರದೆಂದು ಅವರಿಗೆ ಯಾರಾದರೂ ತಿಳಿಸಿ.

ಬೆಂಗಳೂರು ಅಣ್ಣ: ನಾನು ಟಿಕೆಟ್ ಕೊಳ್ಳುತ್ತೇನೆ. ಬಂಡವಾಳ ಕೇಳಬೇಡಿ.