ಮಲೆನಾಡ ಮಳೆಗೆ ಎರಡು ಸೀಟಿನ ಸಾಫ್ಟ್ ಟಾಪ್ ಗಾಡಿ ತಡೆಯುತ್ತಾ? ಸ್ಯಾನ್ ಸ್ಟಾರ್ಮ್ ತಗೊಳ್ಳೋದಾ, ಹಳೇ ಜರ್ಮನ್ನಾ?

ತುಂಗಾತೀರ

ಎರಡೇ ಸೀಟು, ಟಾಪ್ ತೆಗೆದು ಓಡಿಸೋ ಗಾಡಿ ಬೇಕು. ಕೋಟಿ ಸುರಿಯೋ ಆಸಾಮಿ ನಾನಲ್ಲ. ಕಣ್ಣಿಗೆ ಬಿದ್ದಿರೋದು ಎರಡು ದಾರಿ. ಒಂದು, ಗೋವಾದಲ್ಲಿ ತಯಾರಾಗ್ತಿದ್ದ ಸ್ಯಾನ್ ಸ್ಟಾರ್ಮ್: ಫೈಬರ್ ಬಾಡಿ, ರೆನೋ 1149 ಸಿಸಿ ಎಂಜಿನ್, ಕೈಯಲ್ಲೇ ಮಡಚೋ ಟಾಪ್. ಇನ್ನೊಂದು, ಸೆಕೆಂಡ್ ಹ್ಯಾಂಡ್ ಮರ್ಸಿಡಿಸ್ ಎಸ್‌ಎಲ್‌ಕೆ ಅಥವಾ ಬಿಎಂಡಬ್ಲ್ಯು ಝಡ್4. ಇದರ ಮಧ್ಯೆ ಒಬ್ಬ ಬ್ರೋಕರ್ 90ರ ದಶಕದ ಮಾಜ್ದಾ ಮಿಯಾಟಾ ಫೋಟೋ ಕಳಿಸಿ ಆಸೆ ಹುಟ್ಟಿಸಿದ್ದಾನೆ.

ಮನೆ ತೀರ್ಥಹಳ್ಳಿ ಹತ್ತಿರ. ನಿಲ್ಲಿಸೋಕೆ ಅಡಿಕೆ ಮನೆಗೆ ತಾಗಿದ ಹಂಚಿನ ಮಾಡು ಇದೆ, ಮೂರು ಕಡೆ ಗೋಡೆ ಇಲ್ಲ, ಪಕ್ಕದಲ್ಲೇ ಹಲಸಿನ ಮರ. ಓಡಾಟ ಶಿವಮೊಗ್ಗಕ್ಕೆ, ಒಂದು ಕಡೆಗೆ 60 ಕಿ.ಮೀ. ಆಗಾಗ ಆಗುಂಬೆ ಇಳಿದು ಉಡುಪಿಗೆ. ಪುಷ್ಯ ಮಳೆ ಹಿಡಿದಾಗ ಬಟ್ಟೆ ಟಾಪ್ ಕಥೆ ಏನಾಗುತ್ತೆ? ಪಾರ್ಟ್ಸ್, ಹಂಪು, ಘಾಟಿ, ಇದೆಲ್ಲ ತಿಳಿದವರು ಹೇಳಿ. "ಥಾರ್ ತಗೊಳ್ಳಿ" ಅನ್ನೋ ಸಲಹೆ ಬೇಡ.

ಹಂಚಿನಮಾಡು

ಮೊದಲು ತಲೆಯಿಂದ ತೆಗೆದುಹಾಕಬೇಕಾದ ಭಯ: ಟಾಪ್ ಮೂಲಕ ನೀರು ತೊಟ್ಟಿಕ್ಕುತ್ತೆ ಅನ್ನೋದು. ಸಾಫ್ಟ್ ಟಾಪ್ ಗಾಡಿ ಹಾಳಾಗೋದು ಮೇಲಿಂದ ಬಿದ್ದ ನೀರಿನಿಂದಲ್ಲ, ಒಳಗೆ ಬಂದು ಹೊರಗೆ ಹೋಗದ ನೀರಿನಿಂದ.

ಟಾಪ್ ಮಡಚಿ ಕೂರೋ ಜಾಗದ ಅಂಚಿನಲ್ಲಿ ನೀರು ಇಳಿದೇ ಇಳಿಯುತ್ತೆ. ಅದಕ್ಕಂತಲೇ ಎಡ ಬಲ ಎರಡೂ ಕಡೆ ಡ್ರೈನ್ ಪೈಪ್ ಕೊಟ್ಟಿರ್ತಾರೆ. ಮಿಯಾಟಾದಲ್ಲಿ ಅದರ ಬಾಯಿ ಬಾಗಿಲ ಹಿಂದೆ, ಸೀಟ್ ಬೆಲ್ಟ್ ಕಂಬದ ಬುಡದಲ್ಲಿರುತ್ತೆ. ಹಲಸಿನ ಎಲೆ ಕೊಳೆತು, ಧೂಳು ಸೇರಿ ಗೊಜ್ಜಾಗಿ ಕೂತರೆ ಪೈಪ್ ಬಂದ್. ಆಮೇಲೆ ನೀರು ಕಾರ್ಪೆಟ್ ಅಡಿಗೆ, ಅಲ್ಲಿಂದ ಬಾಗಿಲ ಕೆಳಗಿನ ಸಿಲ್‌ಗೆ. ಮೊದಲ ತಲೆಮಾರಿನ ಝಡ್4ನಲ್ಲಿ ಇನ್ನೂ ಚೆಂದ: ಟಾಪ್ ಎತ್ತೋ ಹೈಡ್ರಾಲಿಕ್ ಮೋಟರನ್ನ ಅದೇ ಗುಂಡಿಯ ತಳದಲ್ಲಿ ಇಟ್ಟಿದ್ದಾರೆ. ಡ್ರೈನ್ ಕಟ್ಟಿದರೆ ಮೋಟರ್ ಮುಳುಗಿ ಸಾಯುತ್ತೆ. ಟಾಪ್ ಕೆಲಸ ಮಾಡಲ್ಲ ಅಂತ ಅಗ್ಗಕ್ಕೆ ಬರೋ ಗಾಡಿಗಳಲ್ಲಿ ಬಹುಪಾಲು ಇದೇ ಕಾಯಿಲೆ.

ಬಿಡಿಸೋಕೆ ನಿಮ್ಮ ಮನೇಲೇ ಸಾಮಾನು ಇದೆ. ಕಳೆ ಕೊಚ್ಚೋ ಮಷಿನ್ನಿನ ನೈಲಾನ್ ದಾರ, 2.4 ಮಿ.ಮೀ. ದಪ್ಪದ್ದು, ಒಂದೂವರೆ ಮೀಟರ್ ಕತ್ತರಿಸಿಕೊಳ್ಳಿ. ತುದಿಯನ್ನ ಲೈಟರ್ ಬೆಂಕಿಗೆ ಹಿಡಿದು ಗುಂಡು ಮಾಡಿ, ಇಲ್ಲದಿದ್ದರೆ ಪೈಪ್ ಗೀರುತ್ತೆ. ತಿರುಗಿಸ್ತಾ ಮೆಲ್ಲಗೆ ಇಳಿಸಿ. ಆಮೇಲೆ ಅರ್ಧ ಲೀಟರ್ ನೀರನ್ನ ನಿಧಾನಕ್ಕೆ ಹುಯ್ದು, ಗಾಡಿ ಅಡಿಯಿಂದ ಅಷ್ಟೂ ಬಂತಾ ನೋಡಿ. ಅರ್ಧವೇ ಬಂದರೆ ಉಳಿದದ್ದು ಒಳಗೆ ಹೋಗಿದೆ, ಪೈಪ್ ಎಲ್ಲೋ ಕಳಚಿದೆ ಅಂತ ಅರ್ಥ. ಕಂಪ್ರೆಸರ್ ಗಾಳಿ ಹೊಡೀಬೇಡಿ, ಪೈಪ್ ಕಳಚೋದೇ ಹಾಗೆ. ಮೃಗಶಿರ ಮಳೆಗೆ ಮುಂಚೆ ಒಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಇದಾಗಬೇಕು.

ಟಾಪ್ ಒದ್ದೆ ಇದ್ದಾಗ ಮಡಚಲೇಬೇಡಿ. ಮಡಿಕೆಯೊಳಗೆ ಎರಡೇ ದಿನಕ್ಕೆ ಬೂಸ್ಟು ಬರುತ್ತೆ, ಒಮ್ಮೆ ದಾರಕ್ಕೆ ಹಿಡಿದರೆ ಹೊಲಿಗೆ ಬಿಡುತ್ತೆ. ಪಾಚಿ ಕಟ್ಟಿದರೆ ಮೆತ್ತನೆ ಬ್ರಷ್ ಮತ್ತು ಸೌಮ್ಯ ಶ್ಯಾಂಪೂ ಸಾಕು. ಬ್ಲೀಚಿಂಗ್ ಹಾಕಿದರೆ ಪಾಚಿ ಜೊತೆ ದಾರವೂ ಹೋಗುತ್ತೆ. ಕ್ಯಾನ್ವಾಸ್ ಟಾಪ್ ಆದರೆ ನೀರು ಜಾರೋ ಸ್ಪ್ರೇ ಹೊಡೀಬೇಕು. ವಿನೈಲ್‌ಗೆ ಅದು ಬೇಕಿಲ್ಲ. ಸ್ಪ್ರೇ ಚೆನ್ನಾಗಿ ಒಣಗಬೇಕಾದ್ದರಿಂದ ಮೇ ತಿಂಗಳಲ್ಲೇ ಮುಗಿಸಿ, ಜುಲೈನಲ್ಲಿ ನಮ್ಮ ಕಡೆ ಒಗೆದ ಟವೆಲ್ಲೇ ಒಣಗಲ್ಲ. ರಬ್ಬರ್ ಸೀಲ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ. ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬುತ್ತೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಅಡಿಕೆ ಮನೆ ಇಲಿಗಳಿಗೆ ಔತಣ.

ಟಾರ್ಪಾಲ್ ಹೊದಿಸಬೇಡಿ. ಹಂಚಿನ ಮಾಡಿನ ಅಡಿ ಗಾಳಿ ಆಡ್ತಾ ಇದ್ದರೆ ಅದೇ ಒಳ್ಳೇದು. ಗಾಳಿ ಜೊತೆ ಎರಚಲು ಬರೋ ಕಡೆಗೆ ಶೇಡ್ ನೆಟ್ ಕಟ್ಟಿ. ವಾರಕ್ಕೊಮ್ಮೆ ಎಸಿಯನ್ನ ಒಳಗಾಳಿ ಮೋಡ್‌ನಲ್ಲಿಟ್ಟು ಇಪ್ಪತ್ತು ನಿಮಿಷ ಓಡಿಸಿ, ಒಳಗಿನ ತೇವ ಎಳೆಯೋಕೆ ಅದಕ್ಕಿಂತ ಒಳ್ಳೇ ಉಪಾಯ ಇಲ್ಲ.

ಸಾಗರದ ಸ್ಪ್ಯಾನರ್

ಮೇಲಿನದ್ದು ಸರಿ. ಸ್ಟಾರ್ಮ್ ತಗೊಳ್ಳೋದಾದರೆ ಬೇರೆಯದೇ ಎರಡು ವಿಷಯ ಇದೆ.

ಫೈಬರ್ ಬಾಡಿಗೆ ತುಕ್ಕು ಇಲ್ಲ, ನಿಜ. ಆದರೆ ಫೈಬರ್‌ನಲ್ಲಿ ಕರೆಂಟ್ ಹರಿಯಲ್ಲ. ತಗಡಿನ ಗಾಡಿಯಲ್ಲಿ ಬಾಡಿಯೇ ಅರ್ಥ್. ಇಲ್ಲಿ ಪ್ರತಿ ಲೈಟು, ಪ್ರತಿ ಮೋಟರಿಗೂ ಅರ್ಥ್ ವೈರ್ ಬೇರೆ ಎಳೆದಿರಬೇಕು. ನಮ್ಮ ತೇವಕ್ಕೆ ಆ ಜಾಯಿಂಟ್‌ಗಳು ಹಸಿರು ತಿರುಗುತ್ತವೆ. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟ್ ಮಿಣುಕೋದು, ಬ್ರೇಕ್ ಒತ್ತಿದರೆ ಪೆಟ್ರೋಲ್ ಮುಳ್ಳು ಕುಣಿಯೋದು, ಹೆಡ್‌ಲೈಟ್ ಹಳದಿಯಾಗೋದು, ಎಲ್ಲಾ ಅದೇ. ಜನ ಬಲ್ಬ್, ಸ್ವಿಚ್, ಆಲ್ಟರ್ನೇಟರ್ ಬದಲಾಯಿಸಿ ದುಡ್ಡು ಕಳೀತಾರೆ. ಮಲ್ಟಿಮೀಟರನ್ನ 20 ವೋಲ್ಟ್ ಡಿಸಿಗೆ ಇಡಿ, ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೇ (ಕ್ಲಾಂಪಿಗಲ್ಲ), ಇನ್ನೊಂದು ಲೈಟಿನ ಅರ್ಥ್ ಪಿನ್ನಿಗೆ. ಲೈಟ್ ಉರೀತಿರಬೇಕು. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಆ ದಾರಿಯಲ್ಲಿ ಜಾಯಿಂಟ್ ಕೆಟ್ಟಿದೆ. ಬಿಚ್ಚಿ, ಹೊಳೆಯೋ ಹಾಗೆ ಉಜ್ಜಿ, ಹೊಸ ಲಗ್ (ವೈರ್ ತುದಿಯ ಲೋಹದ ಬಳೆ) ಒತ್ತಿ ಕೂರಿಸಿ, ಮೇಲೆ ಗ್ರೀಸ್. ಎಂಜಿನ್ನಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ ಹೋಗೋ ದಪ್ಪ ಪಟ್ಟಿ ಹಳೇದಾಗಿದ್ದರೆ ಕೇಳೋದೇ ಬೇಡ, ಬದಲಾಯಿಸಿ.

ಬಾಡಿಗೆ ತುಕ್ಕಿಲ್ಲ ಅಂದೆ, ಅಡಿಯಲ್ಲಿರೋ ಉಕ್ಕಿನ ಚೌಕಟ್ಟಿಗೆ ಇದೆ. ಮೇಲೆ ಫೈಬರ್ ಫಳಫಳ ಇರೋದರಿಂದ ಯಾರೂ ಕೆಳಗೆ ಬಗ್ಗಿ ನೋಡಲ್ಲ. ರ‍್ಯಾಂಪ್ ಮೇಲೆ ಎತ್ತಿಸಿ, ಸಸ್ಪೆನ್ಷನ್ ಕೂರೋ ಜಾಗ, ಬಾಡಿ ಬೋಲ್ಟ್ ಸುತ್ತ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಅನ್ನಬೇಕು. ದಬ್ ಅಂದರೆ ಎದ್ದು ಬನ್ನಿ.

ಫೈಬರ್ ಮೇಲಿನ ನಕ್ಷತ್ರದಂಥ ಸಣ್ಣ ಬಿರುಕು ಬಣ್ಣದ ದೋಷ ಅಲ್ಲ. ಆ ಜಾಗದ ಹಿಂದೆ ಬೋಲ್ಟ್ ಎಳೀತಿದೆ. ಪುಟ್ಟಿ ತುಂಬಿ ಪೇಂಟ್ ಹೊಡೆದರೆ ಆರು ತಿಂಗಳಲ್ಲಿ ಮತ್ತೆ ಅಲ್ಲೇ ಬರುತ್ತೆ. ಹಿಂಬದಿಯಿಂದ ಉಜ್ಜಿ, ಎರಡು ಮೂರು ಪದರ ಗ್ಲಾಸ್ ಮ್ಯಾಟ್ (ಗಾಜಿನ ಎಳೆಯ ಹಾಸು) ರೆಸಿನ್ ಅಂಟಿನಲ್ಲಿ ಕೂರಿಸಬೇಕು. ಪಾಲಿಯೆಸ್ಟರ್ ರೆಸಿನ್ ಒಂದು ಕೆ.ಜಿ.ಗೆ ಹಾರ್ಡನರ್ 10ರಿಂದ 20 ಮಿ.ಲೀ., ಸೆಖೆ ಇದ್ದರೆ ಕಮ್ಮಿ. ಹಾರ್ಡನರನ್ನೂ, ರೆಸಿನ್ ಬೇಗ ಗಟ್ಟಿಯಾಗಲಿ ಅಂತ ಹಾಕೋ ಕೋಬಾಲ್ಟ್ ದ್ರಾವಣವನ್ನೂ ನೇರ ಒಂದಕ್ಕೊಂದು ಬೆರೆಸಿದರೆ ಸಿಡಿಯುತ್ತೆ. ಕೋಬಾಲ್ಟನ್ನ ಮೊದಲು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಈ ಕೆಲಸ ಜನವರಿಯಿಂದ ಮಾರ್ಚ್ ಒಳಗೆ. ಮಳೆಗಾಲದಲ್ಲಿ ಮ್ಯಾಟ್ ತೇವ ಹೀರಿ ರೆಸಿನ್ ಹಿಡಿಯಲ್ಲ.

ಎಂಜಿನ್ ಬಗ್ಗೆ ಹೆದರಬೇಡಿ. ಅದು ಯುರೋಪಿನ ಕ್ಲಿಯೋ, ಟ್ವಿಂಗೋಗಳಲ್ಲಿದ್ದ ಡಿ7ಎಫ್, 60 ಅಶ್ವಶಕ್ತಿ ಆಸುಪಾಸು. ಇಲ್ಲಿನ ಲೋಗನ್, ಡಸ್ಟರ್ ಎಂಜಿನ್‌ಗಳು ಬೇರೆ ಕುಟುಂಬ, ಅವುಗಳ ಬೆಲ್ಟ್ ಇದಕ್ಕೆ ಹೊಂದಲ್ಲ. ಎಂಜಿನ್ ನಂಬರ್ ಕೊಟ್ಟು ಹೊರಗಿಂದ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ತರಿಸಿ ಒಟ್ಟಿಗೇ ಹಾಕಿ. ಕಿಲೋಮೀಟರ್ ನೋಡಬೇಡಿ, ಬೆಲ್ಟ್ ಹಾಕಿ ಐದು ವರ್ಷ ಆಗಿದ್ದರೆ ಅದರ ಆಯುಷ್ಯ ಮುಗೀತು. ನಿಜವಾದ ತಲೆನೋವು ವಿಂಡ್‌ಶೀಲ್ಡ್, ಲೈಟ್ ಗ್ಲಾಸು, ಟಾಪ್ ಫ್ರೇಮಿನ ಕೀಲು. ಇವು ಒಡೆದಿರೋ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಹೇರ್‌ಪಿನ್

ಜರ್ಮನ್ ಬಗ್ಗೆ ಯಾರೂ ಬರೆದಿಲ್ಲ. ಎಸ್‌ಎಲ್‌ಕೆ ಲೋಹದ ಟಾಪ್, ಮೇಲೆತ್ತಿದರೆ ಮಾಮೂಲಿ ಕಾರು, ಬೂಸ್ಟಿನ ಗೋಳಿಲ್ಲ. ಡಿಕ್ಕಿಯೊಳಗಿನ ಪರದೆ ಎಳೆದು ಕೊಕ್ಕೆಗೆ ಸಿಕ್ಕಿಸದಿದ್ದರೆ ಟಾಪ್ ಅಲ್ಲಾಡಲ್ಲ. ಇದನ್ನೇ ದೊಡ್ಡ ರಿಪೇರಿ ಅಂದುಕೊಂಡು ಮಾರಿದವರಿದ್ದಾರೆ. ಹೈಡ್ರಾಲಿಕ್ ಸಿಲಿಂಡರ್ ಸೀಲ್ ಸೋರೋದು ಮಾತ್ರ ನಿಜವಾದ ಖರ್ಚು. 1.8 ಲೀಟರ್ 'ಕಂಪ್ರೆಸರ್' (ಸೂಪರ್‌ಚಾರ್ಜರ್ ಇರೋ) ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಹಿಗ್ಗುತ್ತೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಗಲಗಲ ಶಬ್ದ ಕೇಳಿ. ಮಾಲೀಕರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ. 2009ರಲ್ಲಿ ಬಂದ ಎರಡನೇ ತಲೆಮಾರಿನ ಝಡ್4 ರನ್‌ಫ್ಲಾಟ್ ಟೈರಿನದು (ಗಾಳಿ ಹೋದರೂ ಸ್ವಲ್ಪ ದೂರ ಓಡೋ ಟೈರ್), ಸ್ಟೆಪ್ನಿ ಇಲ್ಲ. ಮೇಗರವಳ್ಳಿ ದಾಟಿದ ಮೇಲೆ ರಾತ್ರಿ ಪಕ್ಕೆ ಹರಿದರೆ ಏನು ಮಾಡ್ತೀರಿ, ಯೋಚಿಸಿ.

ಓಡಿಸೋ ಸುಖಕ್ಕೆ 60 ಕುದುರೆಯೇ ಸಾಕು ಅನ್ನೋದು ನನ್ನ ಮತ. ಮಂಡಗದ್ದೆ ಕಡೆಯ ತಿರುವುಗಳಲ್ಲಿ ಎರಡು ಮೂರನೇ ಗೇರಲ್ಲಿ ಸಣ್ಣ ಎಂಜಿನ್ ಪೂರ್ತಿ ದುಡಿಸೋ ಮಜಾ, ಇನ್ನೂರು ಕುದುರೆಯದನ್ನ ಹಗ್ಗ ಹಿಡಿದು ನಡೆಸೋದರಲ್ಲಿ ಇಲ್ಲ. ಆಗುಂಬೆ ಘಾಟಿಯ 14 ಹೇರ್‌ಪಿನ್ ಇಳಿಯುವಾಗ ಮೇಲಿನಿಂದಲೇ ಎರಡನೇ ಗೇರ್; ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಅರ್ಧ ದಾರಿಗೆ ಪೆಡಲ್ ಮೆತ್ತಗಾಗುತ್ತೆ. ಹತ್ತುವಾಗ ಉಲ್ಟಾ ಸಮಸ್ಯೆ. ಸ್ಟಾರ್ಮ್ ಮುಂದಿನ ಚಕ್ರದಿಂದ ಎಳೆಯೋ ಗಾಡಿ, ಏರಿನಲ್ಲಿ ಭಾರ ಹಿಂದಕ್ಕೆ ಹೋಗುತ್ತೆ, ಒದ್ದೆ ತಿರುವಿನಲ್ಲಿ ಒಳಗಿನ ಮುಂಚಕ್ರ ಸುಮ್ಮನೆ ತಿರುಗುತ್ತೆ. ಆಕ್ಸಿಲರೇಟರ್ ಸ್ವಲ್ಪ ಬಿಡಿ, ಸ್ಟೇರಿಂಗ್ ನೆಟ್ಟಗಾಗ್ತಿದ್ದ ಹಾಗೆ ಮತ್ತೆ ಒತ್ತಿ. ಟೈರ್ ಪಕ್ಕದ ನಾಲ್ಕಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಕಾನೂನಿಗೆ 1.6 ಮಿ.ಮೀ. ಗೆರೆ ಸಾಕು, ನಮ್ಮ ಮಳೆಗೆ 3 ಮಿ.ಮೀ.ಗಿಂತ ಕೆಳಗಿಳಿಸಬೇಡಿ.

ಹಂಪುಗಳನ್ನ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ. ಕೆಳಗೆ ಮೊದಲು ತಾಗೋದು ಸೈಲೆನ್ಸರ್ ಜಾಯಿಂಟ್. ಗಾಡಿ ತೀರಾ ತಗ್ಗು, ಬಸ್ಸಿನವರಿಗೆ ನೀವು ಕಾಣಲ್ಲ. ಹಗಲೂ ಲೈಟ್ ಹಾಕಿಕೊಂಡೇ ಇರಿ. ಟಾಪ್ ತೆಗೆಯೋ ಕಾಲ ಅಂದರೆ ದಸರಾದಿಂದ ಶಿವರಾತ್ರಿ, ಅದೂ ಬೆಳಿಗ್ಗೆ. ಚಳಿಗೆ ಸೈಡ್ ಗ್ಲಾಸ್ ಎತ್ತಿ, ಹೀಟರ್ ಕಾಲಿಗೆ ಬಿಟ್ಟರೆ ಸಾಕು. ಕತ್ತಿಗೆ ಹೊಡೆಯೋ ಗಾಳಿ ಹಿಂದಿನಿಂದ ಸುತ್ತಿ ಬರೋದು, ಅದಕ್ಕೆ ಸೀಟಿನ ಹಿಂದೆ ಒಂದು ಜಾಲರಿ.

ಆಗುಂಬೆ, ಜೋಗದಲ್ಲಿ ನಿಲ್ಲಿಸುವಾಗ ಒಳಗೆ ಬಾಳೆಹಣ್ಣಿನ ಸಿಪ್ಪೆಯೂ ಇರಬಾರದು. ಮಂಗಕ್ಕೆ ಟಾಪಿನ ಪ್ಲಾಸ್ಟಿಕ್ ಹಿಂದಿನ ಕಿಟಕಿ ಹರಿಯೋದು ಒಂದು ನಿಮಿಷದ ಕೆಲಸ.

ಆರ್‌ಸಿ ನೋಡಿ

ಆ ಮಿಯಾಟಾ ಮರೆತುಬಿಡಿ. ಹಳೇ ಕಾರು ಆಮದಿಗೆ ತಯಾರಾಗಿ ಮೂರು ವರ್ಷ ಮೀರಿರಬಾರದು ಅನ್ನೋ ಷರತ್ತಿದೆ. ಹಾಗಿದ್ದ ಮೇಲೆ 90ರ ದಶಕದ ಗಾಡಿ ಇಲ್ಲಿಗೆ ಹೇಗೆ ಬಂತು? ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ) ಕಣ್ಣಾರೆ ನೋಡಿ, ಚಾಸಿ ನಂಬರ್ ತಾಳೆ ಹಾಕದೆ ಅಡ್ವಾನ್ಸೂ ಬೇಡ.

ಸ್ಟಾರ್ಮ್‌ಗಳಲ್ಲಿ ಬಹುಪಾಲು ಹದಿನೈದು ವರ್ಷ ದಾಟಿದ ಗಾಡಿಗಳು. ಆರ್‌ಸಿ ನವೀಕರಣ ಆಗಿದೆಯಾ ನೋಡಿ. ಅದು ಫಾರಂ 25, ಐದು ವರ್ಷಕ್ಕೊಮ್ಮೆ. ಹೊರ ರಾಜ್ಯದ್ದಾದರೆ ಎನ್‌ಒಸಿಗೆ ಫಾರಂ 28, ವರ್ಗಾವಣೆಗೆ 29 ಮತ್ತು 30. ಎಂಜಿನ್ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ಬರೆದಿರಬೇಕು. ಹಾಗೆಯೇ ಹಳೇ ಹ್ಯಾಚ್‌ಬ್ಯಾಕ್ ಟಾಪ್ ಕತ್ತರಿಸಿಕೊಡ್ತೀವಿ ಅನ್ನೋರ ಹತ್ತಿರ ಹೋಗಬೇಡಿ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಅದು ಅಪರಾಧ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಎತ್ತಿಹಿಡಿದಿದೆ. ಅಲ್ಲದೆ ಮಾಡು ಕತ್ತರಿಸಿದ ಗಾಡಿ ನಡುವಿನಲ್ಲಿ ಬಾಗಿ ಬಾಗಿಲೇ ಹಾಕೋಕೆ ಬರಲ್ಲ.

ತುಂಗಾತೀರ

ಸ್ಟಾರ್ಮ್ ಕಡೆಗೇ ಮನಸ್ಸು ವಾಲಿತು. ನೋಡೋಕೆ ಹೋದಾಗ ಟಾಪ್ ಸೋರುತ್ತಾ ಅಂತ ಅಲ್ಲೇ ಪರೀಕ್ಷೆ ಮಾಡೋದು ಹೇಗೆ? ಮಾಲೀಕರು ಡಿಸೆಂಬರಲ್ಲಿ ಬನ್ನಿ ಅಂತಿದ್ದಾರೆ.

ಹಂಚಿನಮಾಡು

ಡಿಸೆಂಬರಲ್ಲಿ ಎಲ್ಲಾ ಟಾಪೂ ಗಟ್ಟಿ. ಆದರೆ ಜುಲೈ ತನಕ ಕಾಯಬೇಕಿಲ್ಲ. ನೋಡೋಕೆ ಹೋದ ಕೂಡಲೇ ಕಾರ್ಪೆಟ್ ಎತ್ತಿ, ಅಡಿಯ ಸ್ಪಂಜನ್ನ ಮುಷ್ಟಿಯಲ್ಲಿ ಹಿಂಡಿ. ಮೇಲೆ ಒಣಗಿದ್ದರೂ ಸ್ಪಂಜು ತಿಂಗಳುಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತೆ. ಆಮೇಲೆ ಮನೆ ಪೈಪ್ ಕೇಳಿ, ಪ್ರೆಷರ್ ವಾಷರ್ ಅಲ್ಲ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ನೀರನ್ನ ಕೆಳಗಿನಿಂದ ಶುರು ಮಾಡಿ: ಮೊದಲು ಬಾಗಿಲ ಬುಡ, ಮೂರು ನಿಮಿಷ, ಆಮೇಲೆ ಗ್ಲಾಸ್ ಅಂಚು, ಆಮೇಲೆ ವಿಂಡ್‌ಶೀಲ್ಡ್ ಮೇಲಿನ ಕೂಡು, ಕೊನೆಗೆ ಟಾಪ್. ನೇರ ಮೇಲಿಂದ ಹುಯ್ದರೆ ಎಲ್ಲಾ ಕಡೆ ಇಳಿದು ಎಲ್ಲಿಂದ ಬಂತು ಗೊತ್ತಾಗಲ್ಲ. ಗ್ಲಾಸ್ ಅಂಚಲ್ಲಿ ಬಂದರೆ ಗ್ಲಾಸ್ ಹೊಂದಿಸಿ, ಸೀಲ್ ಬದಲಾಯಿಸಿದರೆ ಆಯ್ತು, ಚೌಕಾಸಿಗೆ ಬಳಸಿಕೊಳ್ಳಿ. ವಿಂಡ್‌ಶೀಲ್ಡ್ ಮೇಲಿನ ಮೂಲೆಯಲ್ಲಿ ಬಂದರೆ ಟಾಪ್ ಫ್ರೇಮ್ ಸೊಟ್ಟಗಾಗಿರಬಹುದು; ಎರಡೂ ಕಡೆ ಕೊಕ್ಕೆ ಒಂದೇ ಬಿಗಿಯಲ್ಲಿ ಬೀಳುತ್ತಾ ನೋಡಿ, ಒಂದು ಕಡೆ ಎಳೆದು ಹಾಕಬೇಕಾದರೆ ಫ್ರೇಮಿನ ಕಥೆ ಮುಗಿದಿದೆ.