ಮರ ಕಡಿಯುವಲ್ಲಿ ಕೆಳಗೆ ನಿಲ್ಲುವವರಿಗೆ ದಿನಕ್ಕೆ ಎಷ್ಟು? ಅನುಭವ ಇದ್ದವರು ಹೇಳಿ

ಕಾಪು (ಕೇಳಿದವರು):
ಮರ ಕಡಿಯುವ ಇಬ್ಬರು ಕಂತ್ರಾಟುದಾರರು ಕರೆದ ದಿನ ಹೋಗುತ್ತೇನೆ. ಹತ್ತುವುದಿಲ್ಲ. ಬಳ್ಳಿ (ಹಗ್ಗ) ಹಿಡಿಯುವುದು, ಗೆಲ್ಲು (ಕೊಂಬೆ) ತುಂಡು ಮಾಡುವುದು, ಪಿಕಪ್‌ಗೆ ಹೇರುವುದು. ಇಲ್ಲಿಯವರೆಗೆ 950 ಇತ್ತು. ಈಗ ಒಬ್ಬರು "ನಿನ್ನದೇ ಮರ ಕೊಯ್ಯುವ ಚೈನ್ ಮೆಷಿನ್ ತಾ, 1,100 ಕೊಡ್ತೇನೆ" ಅಂತಿದ್ದಾರೆ. ಒಪ್ಪಬಹುದಾ?

ಕಾರ್ಕಳ:
150 ರೂಪಾಯಿಗೆ ಮೆಷಿನ್ನಾ? ಅದು ಸಂಬಳ ಏರಿಸಿದ್ದಲ್ಲ ಮಾರಾಯ್ರೆ, ಇಳಿಸಿದ್ದು. 16 ಇಂಚಿನ ಬಾರ್ (ಚೈನ್ ಸುತ್ತುವ ಪಟ್ಟಿ) ಇರುವ ಸಣ್ಣ ಮೆಷಿನ್ ಕೂಡ ಸಂಜೆವರೆಗೆ ತುಂಡು ಮಾಡಿದರೆ ಎರಡು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಲೀಟರಿಗೆ 20 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್. ಪೆಟ್ರೋಲಿನ ಅರ್ಧಕ್ಕಿಂತ ತುಸು ಜಾಸ್ತಿ ಚೈನ್ ಆಯಿಲ್. ಪೆಟ್ರೋಲಿಗೇ ನಿಮ್ಮ 150 ಮುಗಿದು ಕೈಯಿಂದ ಹೋಗಲು ಶುರು.

ಇನ್ನು ಚೈನ್. ಅದು ಹಾಳಾಗುವುದು ಮರದಿಂದಲ್ಲ, ನಮ್ಮ ಮುರಕಲ್ಲಿನಿಂದ. ಒಮ್ಮೆ ನೆಲ ಮುಟ್ಟಿದರೆ ಹಲ್ಲಿನ ಮೂಲೆ ಉರುಟಾಗುತ್ತದೆ. ಗೆಲ್ಲಿನ ಅಡಿಗೆ ದಪ್ಪ ತುಂಡು ಕೊಟ್ಟು ಎತ್ತಿಯೇ ಕೊಯ್ಯಬೇಕು. ಚಕ್ಕೆ ಬರುವುದು ನಿಂತು ಹಿಟ್ಟು ಬರತೊಡಗಿದರೆ ಒತ್ತಬೇಡಿ, ಅರ ಹಾಕಿ. ಸಣ್ಣ ಮೆಷಿನ್ನಿನ 3/8 ಇಂಚಿನ ಪಿಕೋ ಚೈನಿಗೆ 4 ಮಿ.ಮೀ. ಅರ, .325 ಇಂಚಿನ ಚೈನಿಗೆ 4.8. ಎಡಹಲ್ಲಿಗೆ ಎಷ್ಟು ಉಜ್ಜಿದಿರೋ ಬಲಹಲ್ಲಿಗೂ ಅಷ್ಟೇ. ಹೆಚ್ಚುಕಡಿಮೆ ಆದರೆ ಕೊಯ್ತ ಒಂದು ಬದಿಗೆ ಓಡುತ್ತದೆ. ನಾಲ್ಕೈದು ಸಲ ಅರ ಹಾಕಿದ ಮೇಲೆ ಹಲ್ಲಿನ ಮುಂದಿರುವ ಗೂಟವನ್ನೂ ತಗ್ಗಿಸಬೇಕು, ಇಲ್ಲವಾದರೆ ಹರಿತ ಇದ್ದರೂ ಕಚ್ಚುವುದಿಲ್ಲ. ಇದೆಲ್ಲ ರಾತ್ರಿ ಮನೆಯಲ್ಲಿ ಕೂತು ಮಾಡುವ ಕೆಲಸ, ಅದಕ್ಕೆ ಯಾರೂ ನಯಾಪೈಸೆ ಕೊಡುವುದಿಲ್ಲ. ನನ್ನ ದರ ಕೈಗೆ 1,000, ಮೆಷಿನ್ ಬಾಡಿಗೆ 500 ಬೇರೆ, ಪೆಟ್ರೋಲ್ ಆಯಿಲ್ ಅವರದ್ದು. ಆಗದಿದ್ದರೆ ಮೆಷಿನ್ ಮನೆಯಲ್ಲೇ.

ಬಿಜೈ:
ಕಾರ್ಕಳದವರಿಗೆ ಮೆಷಿನ್ ಮಾತ್ರ ಕಾಣುವುದು. ತೋಟದಲ್ಲಿ ಬೀಳಿಸುವ ಕೆಲಸ ಬೇರೆ, ಪೇಟೆಯದ್ದು ಬೇರೆ. ಇಲ್ಲಿ ಒಂದು ಬದಿ ಕಂಪೌಂಡ್, ಇನ್ನೊಂದು ಬದಿ ಸಿಮೆಂಟ್ ಶೀಟು, ಮೇಲೆ ಕರೆಂಟ್ ಲೈನ್. ಗೆಲ್ಲು ಎಲ್ಲಿ ಇಳಿಯುತ್ತದೆ ಅಂತ ತೀರ್ಮಾನಿಸುವುದು ಕೆಳಗೆ ಬಳ್ಳಿ ಹಿಡಿದವನ ಕೈ. ಬಳ್ಳಿಯನ್ನು ಬುಡಕ್ಕೆ ಎಷ್ಟು ಸುತ್ತು ಹಾಕಬೇಕು ಅಂತ ಅವನಿಗೆ ಅಂದಾಜು ಬೇಕು. ಕಡಿಮೆ ಆದರೆ ಬಳ್ಳಿ ಓಡಿ ಅಂಗೈ ಸುಡುತ್ತದೆ. ಜಾಸ್ತಿ ಆದರೆ ಗೆಲ್ಲು ಜರ್ಕ್ ಹೊಡೆದು ನಿಲ್ಲುತ್ತದೆ, ಮೇಲಿರುವವನು ಮರದೊಟ್ಟಿಗೆ ಆಡುತ್ತಾನೆ. ಸ್ವಲ್ಪ ಸ್ವಲ್ಪ ಬಿಡುತ್ತಾ ಓಡಿಸಿಯೇ ನಿಲ್ಲಿಸಬೇಕು. ಅಂಗಡಿಯ ನೀಲಿ ಪ್ಲಾಸ್ಟಿಕ್ ಬಳ್ಳಿ ಇದಕ್ಕೆ ಆಗದು, ಉಜ್ಜಿದ ಬಿಸಿಗೆ ಕರಗುತ್ತದೆ. ಬಳ್ಳಿಯನ್ನು ಕೈಗೆ ಸುತ್ತಿಕೊಳ್ಳುವವನನ್ನು ಆ ದಿನವೇ ಮನೆಗೆ ಕಳಿಸಿ. ಇಷ್ಟು ಗೊತ್ತಿದ್ದವನಿಗೆ 1,400. ಅದಕ್ಕಿಂತ ಕಡಿಮೆಗೆ ನಾನು ಹೋಗುವುದಿಲ್ಲ, ಕರೆಯುವವರೂ ಬೇಕಾದಷ್ಟು ಜನ ಇದ್ದಾರೆ.

ಹಿರಿಯಡ್ಕ:
ಕರೆಸುವವನ ಕಡೆಯಿಂದ ಹೇಳ್ತೇನೆ. ಹತ್ತುವವನಿಗೆ 2,000, ಬಳ್ಳಿಗೆ 1,400, ಹೊರುವ ಇಬ್ಬರಿಗೆ ತಲಾ 950, ಪಿಕಪ್, ಊಟ, ಎರಡು ಹೊತ್ತು ಚಾ. ಸೊಪ್ಪು ಹಾಕಲು ಪೇಟೆಯಲ್ಲಿ ಜಾಗ ಇಲ್ಲ. ತೆಂಗು, ಗಾಳಿ ಮರ, ರಬ್ಬರ್ ಆದರೆ ಸರಿ. ಬೇರೆ ಕೆಲವು ಮರ ಅಂದರೆ 1976ರ ಮರ ಸಂರಕ್ಷಣಾ ಕಾಯ್ದೆಯ ಅನುಮತಿ ಕೈಗೆ ಬರುವವರೆಗೆ ಜನ ಕಾಯಿಸಬೇಕು. ಮನೆಯವರು ಮಾತ್ರ ಸೌದೆಯ ಲೆಕ್ಕ ಹಿಡಿದು ಚೌಕಾಸಿ ಮಾಡ್ತಾರೆ. 2025-26ರ ನರೇಗಾ ಕೂಲಿ 370 ಅಷ್ಟೇ, ನೆನಪಿರಲಿ.

ಕಾರ್ಕಳ:
ಹಾಗಾದರೆ ಆ 370ಕ್ಕೇ ಜನ ಕರೆದು ಕರೆಂಟ್ ಲೈನ್ ಪಕ್ಕ ಬಳ್ಳಿ ಹಿಡಿಸಿ. ನಾವೂ ಬಂದು ನೋಡ್ತೇವೆ.

ಬ್ರಹ್ಮಾವರ:
ಜಗಳದ ಮಧ್ಯೆ ಒಂದು ಮಾತು. ಸ್ವಂತಕ್ಕೆ ದುಡಿಯುವವನಿಗೆ ನೌಕರರ ವಿಮೆ ಇಎಸ್‌ಐ ಇಲ್ಲ. ಬ್ಯಾಂಕಿನಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಆದರೆ ಕಾಲು ಮುರಿದು ಮೂರು ತಿಂಗಳು ಮಲಗಿದರೆ ಅದರಿಂದ ಏನೂ ಸಿಗದು, ಶಾಶ್ವತ ಊನಕ್ಕೆ ಮಾತ್ರ. ಆ ಮೂರು ತಿಂಗಳ ಅನ್ನ ದಿನದ ದರದೊಳಗೇ ಹುಟ್ಟಬೇಕು. 950 ಯಾವ ಲೆಕ್ಕದಲ್ಲೂ ಸಾಲದು. ಚೇರೆ ಮರ ಇದ್ದರೆ 200 ಜಾಸ್ತಿ ಕೇಳಿ. ಸೊನೆ ತಾಗಿ ಮೈ ಬೊಕ್ಕೆ ಎದ್ದರೆ ಮರುದಿನದ ಕೆಲಸ ಹೋಯಿತು.

ಮೂಡುಬಿದಿರೆ:
ಕಾರ್ಕಳದವರು ಖರ್ಚು ಉಬ್ಬಿಸ್ತಿದ್ದಾರೆ. ಚೈನ್ ಆಯಿಲಿಗೆ ದುಡ್ಡು ಯಾಕೆ? ಗ್ಯಾರೇಜಿನ ಹಳೆ ಇಂಜಿನ್ ಆಯಿಲ್ ಪುಕ್ಕಟೆ ಸಿಗ್ತದೆ. ನಮ್ಮಲ್ಲಿ ಎಲ್ಲರೂ ಅದನ್ನೇ ಹಾಕುವುದು.

ಕಾರ್ಕಳ:
ಎಲ್ಲರೂ ಹಾಕ್ತಾರೆ, ಎಲ್ಲರೂ ಬಾರ್ ಬದಲಿಸ್ತಾರೆ. ಹಳೆ ಆಯಿಲಿನಲ್ಲಿ ಕಬ್ಬಿಣದ ಪುಡಿ ಇರ್ತದೆ, ಆಯಿಲ್ ಪಂಪನ್ನು ತಿನ್ನುತ್ತದೆ. ಅಂಟು ಇಲ್ಲದ್ದರಿಂದ ಬಾರಿನ ತುದಿ ತಿರುಗುವ ಮೊದಲೇ ಎಗರಿ ಹೋಗ್ತದೆ, ಅಡಿಭಾಗ ಒಣಗಿಯೇ ಓಡುವುದು.

ಕಾಪು:
ಆಯಿಲ್ ಬಿಡಿ. ಸ್ಥಳಕ್ಕೆ ಹೋದ ಮೇಲೆ ಮಳೆ ಬಂದು ವಾಪಸ್ ಕಳಿಸಿದರೆ?

ಬಿಜೈ:
ಮೆಷಿನ್ ಚಾಲೂ ಆಗದಿದ್ದರೆ ಅರ್ಧ ಸಂಬಳ. ಒಂದು ಗೆಲ್ಲು ಇಳಿದರೂ ಪೂರ್ತಿ. ಹಿಂದಿನ ದಿನವೇ ಫೋನಿನಲ್ಲಿ ಮಾತಾಡಿ, ಸ್ಥಳದಲ್ಲಿ ನಿಂತು ಕೇಳಿದರೆ ಯಾರೂ ಒಪ್ಪುವುದಿಲ್ಲ.

ಹಿರಿಯಡ್ಕ:
ಒಂದು ಗೆಲ್ಲಿಗೆ ಪೂರ್ತಿ! ಜೂನ್ ತಿಂಗಳಲ್ಲಿ ಹೀಗೆ ಕೊಟ್ಟರೆ ನಾನು ಪಿಕಪ್ ಮಾರಬೇಕು.

ಮೂಡುಬಿದಿರೆ:
ನಾನು ಹಳೆ ಆಯಿಲನ್ನು ಸೋಸಿಯೇ ಹಾಕುವುದು, ಗೊತ್ತಿರಲಿ.

ಕಾರ್ಕಳ:
ಆ ಪುಡಿ ಬಟ್ಟೆಯಲ್ಲಿ ನಿಲ್ಲುವಂಥದ್ದಲ್ಲ. ಬಾರ್ ಬಿಚ್ಚಿ ಸಪಾಟು ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ ನೋಡಿ. ಒಂದು ಬದಿಗೆ ವಾಲಿದರೆ ಅಂಚು ಸವೆದಿದೆ ಅಂತ ಅರ್ಥ. ಆಮೇಲೆ ಪುಕ್ಕಟೆಯ ಲೆಕ್ಕ ಹೇಳಿ.