ಪದಚರ್ಚೆ: ಪಾಸ್ಟೆಲ್, ತರಿ, ತೀಡುವುದು, ಹುಡಿ

ಪ್ರಶ್ನೆ

ನಮಸ್ಕಾರ. ತೀರ್ಥಹಳ್ಳಿ, ಸಾಗರದ ಕಡೆಯ ಎಳೆಯ ಚಿತ್ರಕಾರರಿಗಾಗಿ ಒಂದು ಕಿರುಕೈಪಿಡಿ ತಯಾರಾಗುತ್ತಿದೆ. ವಿಷಯ, ಪುಸ್ತಕಗಳಿಗೆ ಬಣ್ಣದ ಪುಡಿಯಿಂದ ಮಾಡಿದ ಕಡ್ಡಿಯಾದ ಪಾಸ್ಟೆಲ್‌ನಲ್ಲಿ ಚಿತ್ರ ಬರೆಯುವುದು. ಕರಡಿನಲ್ಲಿ ಪಾಸ್ಟೆಲ್‌ಗೆ ಒಂದು ಕಡೆ ‘ಬಣ್ಣದ ಸೀಮೆಸುಣ್ಣ’ ಎಂದಿದೆ, ಇನ್ನೊಂದು ಕಡೆ ‘ಕ್ರೆಯಾನ್’, ಮತ್ತೊಂದು ಕಡೆ ‘ತಿಳಿಬಣ್ಣ’. ಕಾಗದದ ಒರಟು ಮೈಗೆ ‘ದಂತುರತೆ’, ಬೆರಳಲ್ಲಿ ಉಜ್ಜಿ ಬಣ್ಣ ಬೆರೆಸುವುದಕ್ಕೆ ‘ಸಮ್ಮಿಶ್ರಣ’, ಪುಡಿ ಉದುರದಂತೆ ಚಿತ್ರದ ಮೇಲೆ ಸಿಂಪಡಿಸುವ ಫಿಕ್ಸೇಟಿವ್‌ಗೆ ‘ಸ್ಥಿರೀಕಾರಕ’ ಎಂದು ಹಾಕಿದ್ದಾರೆ. ಕೆಲಸ ಮಾಡುವವರ ಬಾಯಲ್ಲಿ ಇರುವ ಮಾತು ಯಾವುದು? ತಿಳಿದವರು ಹೇಳಬೇಕು.

ಉತ್ತರ

ಪಾಸ್ಟೆಲ್ ಅನ್ನು ಪಾಸ್ಟೆಲ್ ಎಂದೇ ಉಳಿಸಿಕೊಳ್ಳಿ. ಕರಡಿನ ಮೂರು ಪದಗಳೂ ಓದುಗರನ್ನು ತಪ್ಪು ಸಾಮಾನಿನ ಕಡೆಗೆ ಕಳಿಸುತ್ತವೆ.

‘ಸೀಮೆಸುಣ್ಣ’ದಲ್ಲಿ ಸುಣ್ಣ ಇದೆ, ತೊಂದರೆ ಅಲ್ಲೇ. ಪಾಸ್ಟೆಲ್ ಕಡ್ಡಿಯಲ್ಲಿ ಇರುವುದು ಬಣ್ಣದ ಪುಡಿ, ಚಾಕ್ ಅಥವಾ ಬಿಳಿ ಜೇಡಿಯಂಥ ತುಂಬುಪುಡಿ, ಹಿಡಿದಿಡಲು ಒಂದಿಷ್ಟೇ ಅಂಟು (ಹಳೆಯ ಕ್ರಮದಲ್ಲಿ ಟ್ರಾಗಕಾಂತ್ ಗೋಂದು). ಕೈಪಿಡಿ ಓದಿ ಯಾರಾದರೂ ಮನೆಯಲ್ಲೇ ಕಡ್ಡಿ ಮಾಡಲು ಹೊರಟು ಗೋಡೆಗೆ ಬಳಿಯುವ ಸುಣ್ಣ ಬೆರೆಸಿದರೆ ಕೈ ಸುಡುತ್ತದೆ. ಪ್ರಷ್ಯನ್ ಬ್ಲೂನಂಥ ಬಣ್ಣ ಸುಣ್ಣದ ಕ್ಷಾರಕ್ಕೆ ಕೆಟ್ಟು ಕಂದಾಗುತ್ತದೆ. ‘ಬಳಪ’ವೂ ಬೇಡ. ಅದು ಬೇಲೂರು, ಹಳೇಬೀಡಿನ ಶಿಲ್ಪಕ್ಕೆ ಒದಗಿದ ಮೆದುಕಲ್ಲು. ಸ್ಲೇಟಿನ ಮೇಲೆ ಗೀರು ಮೂಡಿಸುತ್ತದೆಯೇ ಹೊರತು ಕಾಗದದ ಮೇಲೆ ಬಣ್ಣ ಬಿಡುವುದಿಲ್ಲ.

‘ಕ್ರೆಯಾನ್’ ಎಂದರೆ ನಮ್ಮ ಕಡೆ ಮೇಣದ ಕಡ್ಡಿ. ಶಾಲೆಯ ಮಕ್ಕಳು ‘ಪಾಸ್ಟೆಲ್’ ಎನ್ನುವುದೂ ಬಹುಮಟ್ಟಿಗೆ ಆಯಿಲ್ ಪಾಸ್ಟೆಲ್ ಅನ್ನೇ. ಜಪಾನಿನ ಸಕುರಾ ಕಂಪನಿ 1920ರ ದಶಕದಲ್ಲಿ ಮಕ್ಕಳಿಗೆಂದು ತಂದ ಬಗೆ ಅದು. ಅದರಲ್ಲಿರುವುದು ಮೇಣ ಮತ್ತು ಒಣಗದ ಎಣ್ಣೆ. ಒಂದೇ ಚಿತ್ರದಲ್ಲಿ ಅದರ ಮೇಲೆ ಒಣ ಪಾಸ್ಟೆಲ್ (ಅಂದರೆ ಸಾಫ್ಟ್ ಪಾಸ್ಟೆಲ್) ಎಳೆದರೆ ಬಣ್ಣ ಕಚ್ಚುವುದಿಲ್ಲ, ಜಾರುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಪ್ರತಿ ಸಲವೂ ‘ಸಾಫ್ಟ್ ಪಾಸ್ಟೆಲ್’ ಅಥವಾ ‘ಆಯಿಲ್ ಪಾಸ್ಟೆಲ್’ ಎಂದು ಬಿಡಿಸಿ ಬರೆಯಿರಿ.

‘ತಿಳಿಬಣ್ಣ’ ಸೀರೆ ಅಂಗಡಿಯ ಅರ್ಥ. ಇದು ನಿಜವಾಗಿ ದುಡ್ಡಿನ ಪ್ರಶ್ನೆ. ಪ್ರಕಾಶಕರು ‘ಪಾಸ್ಟೆಲ್ ಕಲರ್‌ನಲ್ಲಿ ಮುಖಪುಟ ಬೇಕು’ ಎಂದಾಗ ಹಲವು ಸಲ ಅವರ ಮನಸ್ಸಿನಲ್ಲಿರುವುದು ನಸುಗುಲಾಬಿ, ನಸುಹಸಿರು. ಪಾಸ್ಟೆಲ್ ಕಡ್ಡಿಯಲ್ಲಿ ಕಡುಗಪ್ಪು, ಕೆಂಡದಂಥ ಕೆಂಪು ಎಲ್ಲವೂ ಉಂಟು. ಆರ್ಡರ್ ಒಪ್ಪಿಕೊಳ್ಳುವ ಪತ್ರದಲ್ಲಿ ‘ಸಾಫ್ಟ್ ಪಾಸ್ಟೆಲ್ ಕಡ್ಡಿಯಲ್ಲಿ ಬರೆದ ಚಿತ್ರ’ ಎಂಬ ಸಾಲು ಇದ್ದರೆ ಮುಗಿಸಿದ ಮೇಲೆ ಮತ್ತೆ ಬರೆಯುವ ಪಾಡು ತಪ್ಪುತ್ತದೆ. ಅಳತೆಯನ್ನೂ ಅದರಲ್ಲೇ ಸೇರಿಸಿ. ಕಡ್ಡಿ ಬೆರಳಷ್ಟು ದಪ್ಪ, ಸಣ್ಣ ಕಣ್ಣು-ಮೂಗು ಅದಕ್ಕೆ ಒಗ್ಗುವುದಿಲ್ಲ. ಅಚ್ಚಾಗುವುದು ಎ5 ಆದರೆ ಎ3ಯಲ್ಲಿ ಬರೆದು ಅರ್ಧಕ್ಕೆ ಇಳಿಸುವುದು ವಾಡಿಕೆ.

ಮೂಲ ಪದ ಇಟಾಲಿಯನ್ ‘ಪಾಸ್ತೆಲ್ಲೊ’, ಹಿಟ್ಟಿನ ಮುದ್ದೆಗೆ ಸಂಬಂಧಿಸಿದ್ದು. ಕಡ್ಡಿ ಮಾಡುವ ಬಗೆಯೂ ಹಾಗೇ, ಹೋಳಿಗೆಯ ಕಣಕದಂತೆ ನಾದಿ, ಹೊಸೆದು, ನೆರಳಲ್ಲಿ ಒಣಗಿಸುವುದು. ಅಂಟುನೀರನ್ನು ಗಟ್ಟಿ, ಅರ್ಧ, ಕಾಲು ಎಂದು ಮೂರು ಹದದಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಒಂದೊಂದು ಬಣ್ಣ ಒಂದೊಂದು ಹದ ಕೇಳುತ್ತದೆ. ಹೆಚ್ಚಾದರೆ ಕಡ್ಡಿ ಕಲ್ಲಾಗಿ ಕಾಗದ ಗೀರುತ್ತದೆ, ಕಡಿಮೆಯಾದರೆ ಕೈಯಲ್ಲೇ ಉದುರುತ್ತದೆ. ಮಳೆಗಾಲದಲ್ಲಿ ಈ ಕೆಲಸ ಹಿಡಿಯಬೇಡಿ. ಒಣಗುವ ಮೊದಲೇ ಬೂಷ್ಟು ಬರುತ್ತದೆ.

‘ದಂತುರತೆ’ಗೆ ಬದಲು ‘ತರಿ’. ರುಬ್ಬಿದ್ದು ತರಿತರಿಯಾಗಿದೆ ಎನ್ನುತ್ತೇವಲ್ಲ, ಅದೇ. ‘ಈ ಕಾಗದಕ್ಕೆ ತರಿ ಸಾಲದು’, ‘ತರಿ ತುಂಬಿಹೋಯಿತು’ ಎಂದರೆ ಕೆಲಸದವರಿಗೆ ತಕ್ಷಣ ತಿಳಿಯುತ್ತದೆ. ನಯವಾದ ಡ್ರಾಯಿಂಗ್ ಹಾಳೆಯ ಮೇಲೆ ಒಂದೆರಡು ಪದರಕ್ಕೇ ತರಿ ತುಂಬುತ್ತದೆ, ಮೂರನೆಯದು ಕೂರುವುದಿಲ್ಲ. ಕ್ಯಾನ್ಸನ್ ಮಿ-ತಾಂತ್‌ನಂಥ 160 ಜಿಎಸ್‌ಎಂ (ಚದರ ಮೀಟರಿಗೆ 160 ಗ್ರಾಂ) ಕಾಗದದ ಒಂದು ಮೈ ಜೇನುಗೂಡಿನ ಕಣ್ಣುಗಳಂತೆ, ಇನ್ನೊಂದು ಮೈ ಸಣ್ಣ ತರಿಯದು. ಮುಖ, ಕೈಬೆರಳು ಬರೆಯಲು ಸಣ್ಣ ತರಿಯ ಮೈ ಅನುಕೂಲ.

‘ಸಮ್ಮಿಶ್ರಣ’ ಖಂಡಿತ ಬೇಡ. ನಮ್ಮಲ್ಲಿ ಕ್ರಿಯಾಪದಗಳು ಧಾರಾಳ. ತುದಿಯಲ್ಲಿ ‘ಗೀರು’, ಕಡ್ಡಿಯ ಮಗ್ಗುಲಲ್ಲಿ ‘ಎಳೆ’, ಬೆರಳಲ್ಲಿ ಮೆಲ್ಲಗೆ ‘ತೀಡು’, ಬಟ್ಟೆಯಲ್ಲಿ ‘ಒರಸು’. ತೀಡುವುದಕ್ಕೂ ಉಜ್ಜುವುದಕ್ಕೂ ಇರುವ ಅಂತರವನ್ನು ಕೈಪಿಡಿ ಕಾಯಬೇಕು. ತೀಡಿದರೆ ಎರಡು ಬಣ್ಣದ ಅಂಚು ಕರಗುತ್ತದೆ, ಉಜ್ಜಿದರೆ ಪುಡಿ ತರಿಯೊಳಗೆ ಹೂತುಹೋಗಿ ಬಣ್ಣ ಮಂಕಾಗುತ್ತದೆ. ಆಗುಂಬೆ ಕಡೆಯ ಮಂಜು ಬರೆಯುವಾಗ ಇದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಕಾಡಿನ ಹಸಿರಿನ ಮೇಲೆ ಬಿಳಿ ಹಚ್ಚಿ ಉಜ್ಜಿದರೆ ಸುಣ್ಣ ಬಳಿದಂತೆ ಆಗುತ್ತದೆ, ಮಂಜಾಗುವುದಿಲ್ಲ. ತಿಳಿ ಬೂದುನೀಲಿ ಕಡ್ಡಿಯನ್ನು ಮಗ್ಗುಲಾಗಿ ಹಿಡಿದು ಭಾರ ಹಾಕದೆ ಒಂದೇ ಸಲ ಎಳೆಯಬೇಕು, ಕೆಳ ಅಂಚನ್ನು ಮಾತ್ರ ತೀಡಬೇಕು. ತರಿಯ ಸಂದುಗಳಲ್ಲಿ ಕೆಳಗಿನ ಹಸಿರು ಉಳಿದು ಮರಗಳು ಹಿಂದೆ ಸರಿದಂತೆ ಕಾಣುತ್ತವೆ. ಹಸಿರೂ ಅಷ್ಟೆ. ಪೆಟ್ಟಿಗೆಯ ಹಸಿರನ್ನು ನೇರವಾಗಿ ಬಳಸಿದರೆ ಅಡಿಕೆ ತೋಟ ಪ್ಲಾಸ್ಟಿಕ್ಕಿನದಾಗುತ್ತದೆ. ಮೊದಲು ಕೆಮ್ಮಣ್ಣಿನ ಬಣ್ಣ ಹಾಸಿ ಅದರ ಮೇಲೆ ಹಸಿರು ಗೀರಿದರೆ ಸೋಗೆಯ ನೆರಳಿಗೆ ಜೀವ ಬರುತ್ತದೆ.

‘ಸ್ಥಿರೀಕಾರಕ’ ಎಂದು ಶಿವಮೊಗ್ಗದ ಅಂಗಡಿಯಲ್ಲಿ ಕೇಳಿದರೆ ಏನೂ ಸಿಗುವುದಿಲ್ಲ. ವಸ್ತುವಿಗೆ ‘ಫಿಕ್ಸೇಟಿವ್’, ಕ್ರಿಯೆಗೆ ‘ಬಣ್ಣ ಕೂರಿಸುವುದು’. ಸುಮಾರು 30 ಸೆಂಟಿಮೀಟರ್ ದೂರದಿಂದ ತೆಳ್ಳಗೆ ಎರಡು ಸಲ ಸಿಂಪಡಿಸಿ, ನಡುವೆ ಒಣಗಲು ಬಿಡಿ. ಒಮ್ಮೆಲೇ ತೋಯಿಸಿದರೆ ಅದರಲ್ಲಿರುವ ರಾಳ ಪುಡಿಯ ಕಣಗಳ ನಡುವಿನ ಗಾಳಿಯ ಜಾಗ ತುಂಬಿ, ಬೆಳಕು ಚದುರುವುದು ತಗ್ಗಿ, ಬಿಳಿ ಮತ್ತು ತಿಳಿ ಬಣ್ಣಗಳು ಮಬ್ಬಾಗುತ್ತವೆ. ಅದಕ್ಕೇ ಅನುಭವಿಗಳು ಕೆಳಪದರಕ್ಕೆ ಮಾತ್ರ ಸಿಂಪಡಿಸಿ ಕೊನೆಯ ಬೆಳಕಿನ ಗೀರುಗಳನ್ನು ಹಾಗೇ ಬಿಡುತ್ತಾರೆ. ಮಳೆ ಸುರಿಯುವ ದಿನ ಸಿಂಪಡಿಸಿದರೆ ಗಾಳಿಯ ತೇವ ಕೂತು ಹಾಲಿನಂಥ ಪೊರೆ ಕಟ್ಟುವ ಭಯವೂ ಇದೆ.

ಇನ್ನೊಂದು ಉತ್ತರ

ಮೇಲಿನವರು ಹೇಳಿದ್ದು ಸರಿ. ಒಂದು ಪದ ಸೇರಿಸುತ್ತೇನೆ, ‘ಹುಡಿ’. ಕಡ್ಡಿಯಿಂದ ಉದುರುವುದನ್ನು ‘ಧೂಳು’ ಎಂದು ಬರೆದರೆ ಓದುಗರು ಊದಿ ಹಾರಿಸುತ್ತಾರೆ. ಅದು ಬಣ್ಣದ ಹುಡಿ. ಕೆಲವು ಹಳದಿ, ಕೆಂಪುಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷದ ಲೋಹ ಇರುತ್ತದೆ, ಉಸಿರಿಗೆ ಸೇರಬಾರದು. ಹಲಗೆಯನ್ನು ತುಸು ಮುಂದಕ್ಕೆ ಬಾಗಿಸಿ ನಿಲ್ಲಿಸಿದರೆ ಹುಡಿ ಚಿತ್ರದ ಮೇಲೆ ಕೂರದೆ ಕೆಳಗೆ ಬೀಳುತ್ತದೆ. ಆಗಾಗ ಹಲಗೆಯ ಹಿಂದೆ ಮೆಲ್ಲಗೆ ತಟ್ಟಿ. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರಸಿ.

ಚಿತ್ರ ಕಳಿಸುವ ಭಾಗದಲ್ಲಿ ‘ಒತ್ತಬಾರದು’ ಎಂದು ಬರೆಯುವುದಕ್ಕಿಂತ ‘ಸರಿಯಬಾರದು’ ಎಂದು ಬರೆಯಿರಿ. ಪಾಸ್ಟೆಲ್ ಕೆಡುವುದು ಮುಖ್ಯವಾಗಿ ಮೇಲಿನ ಹಾಳೆ ಜಾರಿದಾಗ. ಗ್ಲಾಸಿನ್ ಎಂಬ ನುಣುಪಾದ ತೆಳು ಹಾಳೆ, ಸಿಗದಿದ್ದರೆ ಬಟರ್ ಪೇಪರ್ ಹೊದಿಸಿ, ನಾಲ್ಕೂ ಬದಿ ಟೇಪ್ ಹಾಕಿ ರಟ್ಟಿಗೆ ಬಿಗಿದು, ಮೇಲೊಂದು ರಟ್ಟು ಕಟ್ಟಿ ಬಸ್ ಪಾರ್ಸೆಲ್‌ಗೆ ಕೊಡಬಹುದು. ಸ್ಕ್ಯಾನರ್ ಗಾಜಿನ ಮೇಲೆ ಮಗುಚಿದರೆ ಹುಡಿ ಉದುರಿ ಪ್ರತಿಯಲ್ಲಿ ಚುಕ್ಕಿ ಬರುತ್ತದೆ. ಎರಡು ಬದಿಯಿಂದ 45 ಡಿಗ್ರಿಯಲ್ಲಿ ಬೆಳಕು ಇಟ್ಟು ಫೋಟೊ ತೆಗೆದು, ಅಚ್ಚಿನ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬರುವಂತೆ ಕಳಿಸಿದರೆ ಮುದ್ರಣಕ್ಕೆ ಸಾಕು.